ಬಿಂದುವಿನ ಧ್ವನಿ

ಮೈಕಿನ ಮುಂದಿನಿಂದ ಎದ್ದಾಗ, ಆಯ್ಕೆಯಾಗುವವಳು ತಾನೇ ಎಂಬುದರಲ್ಲಿ ಪ್ರಾರ್ಥನಾಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಒಂದಕ್ಷರ ತಪ್ಪಿರಲಿಲ್ಲ, ಎಲ್ಲೂ ತಡವರಿಸಿರಲಿಲ್ಲ. ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನ ಶಾಲೆಯಲ್ಲಿದ್ದಾಗಿನಿಂದ ತೆಲುಗು ಭಾಷಣ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಅವಳದೇ. ಮನೆಯಲ್ಲಿ ಧಾರವಾಡದ ಕನ್ನಡ ಮಾತಾಡುವ ಹುಡುಗಿ ತೆಲುಗು ಮಕ್ಕಳನ್ನೆಲ್ಲ ಹಿಂದೆ ಹಾಕಿಬಿಡುತ್ತಾಳಲ್ಲ ಎಂದು ಟೀಚರುಗಳು ಹೇಳಿದಾಗಲೆಲ್ಲ ಅವಳು ಒಂದಿಷ್ಟು ಎತ್ತರವಾಗುತ್ತಿದ್ದಳು.

2018ರ ದಸರೆ ರಜೆ. ವಿಶಾಖಪಟ್ಟಣದ ಮಧುರವಾಡದ ಹೊಸ ಅಪಾರ್ಟ್‌ಮೆಂಟೊಂದರಲ್ಲಿ ಅವಳ ಕಾಕು ಮಾಧವೀಲತಾಳ ಮನೆ. ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ, ಆ ಊರಿನವಳೇ, ತೆಲುಗಿನವಳು. ಮನಃಶಾಸ್ತ್ರ ಓದಿ, ಕಾಲೇಜುಗಳಿಗೆ ಹೋಗಿ ಪರೀಕ್ಷೆಯ ಭಯದಲ್ಲಿರುವ ಮಕ್ಕಳ ಜೊತೆ ಮಾತಾಡುವುದು ಅವಳ ಕೆಲಸ. ಎಲ್ಲ ಮಕ್ಕಳ ಹತ್ತಿರವೂ ತಾನೊಬ್ಬಳೇ ಹೋಗಲಾದೀತೇ ಎಂದು ಇಬ್ಬರು ಎಂಜಿನಿಯರುಗಳನ್ನು ಕಟ್ಟಿಕೊಂಡು ಒಂದು ಮೊಬೈಲ್ ಆ್ಯಪ್ ಮಾಡಿಸುತ್ತಿದ್ದಳು. ಅದರ ಹೆಸರು 'ನಿಲಕಡ'. ಅಲುಗದೆ ನಿಲ್ಲುವುದು ಎಂದು ಆ ತೆಲುಗು ಮಾತಿನ ಅರ್ಥ. ಎದೆ ಹೊಡೆದುಕೊಳ್ಳುವಾಗ ಉಸಿರನ್ನು ಹೇಗೆ ತಹಬಂದಿಗೆ ತರಬೇಕು, ನಿದ್ದೆ ಬಾರದಿದ್ದರೆ ಏನು ಮಾಡಬೇಕು ಎಂದು ಒಬ್ಬ ಹುಡುಗಿ ಹೇಳಿಕೊಡಬೇಕು. ಹಾಗೆ ಹೇಳುವವಳು ಆ ಮಕ್ಕಳ ವಯಸ್ಸಿನವಳೇ ಆಗಿರಬೇಕು ಎಂಬುದು ಕಾಕುವಿನ ಹಟ. ಫೋನು ಮಾಡಿ, "ನಿನ್ನ ಬಿಟ್ಟರ ಮತ್ಯಾರಿದ್ದಾರ ನನಗ?" ಎಂದು ಅತ್ತೆಯಿಂದ ಕಲಿತ ಧಾರವಾಡದ ಕನ್ನಡದಲ್ಲಿ ಕರೆದಿದ್ದಳು.

ಗೆಳತಿ ಹಿಮಬಿಂದು ಬಂದದ್ದು ಸಮುದ್ರ ನೋಡುವುದಕ್ಕೆ. ವಿಜಯವಾಡದ ಪಟಮಟದಲ್ಲಿ ಅವಳ ಮನೆ. ಇಬ್ಬರೂ ಅಲ್ಲಿನ ಒಂದು ಕಾಲೇಜಿನಲ್ಲಿ ಇಂಟರ್, ಅಂದರೆ ಪಿಯುಸಿ, ಎರಡನೇ ವರ್ಷ, ಒಂದೇ ಬೆಂಚು. ರತ್ನಾಚಲ್ ರೈಲಿನಲ್ಲಿ ದಾರಿಯುದ್ದಕ್ಕೂ ಬಿಂದು ಕಿಟಕಿಗೆ ಹಣೆಯಾನಿಸಿ ನಿದ್ದೆ ಮಾಡಿದ್ದಳು. ಪ್ರಾರ್ಥನಾ ಮಾತ್ರ ಕಾಕು ಕಳಿಸಿದ್ದ ಪಾಠವನ್ನು ತುಟಿಯಲ್ಲೇ ಮತ್ತೆ ಮತ್ತೆ ಹೇಳಿಕೊಂಡಿದ್ದಳು.

"ಬಿಂದೂ, ನೀನೂ ಒಂದ್ಸಲ ಓದಮ್ಮಾ. ಸುಮ್ಮನೆ," ಎಂದಳು ಕಾಕು ತೆಲುಗಿನಲ್ಲಿ, ಪ್ರಾರ್ಥನಾ ಮೈಕು ಬಿಟ್ಟೆದ್ದ ಮೇಲೆ.

ಬಿಂದು ನಗುತ್ತಲೇ ಕೂತಳು. ಮೊದಲ ಸಾಲಿನಲ್ಲೇ ತೊದಲಿದಳು. "ಅಯ್ಯೋ, ಸಾರಿ" ಎಂದಳು. ಆಮೇಲೆ ಕಣ್ಣು ಮುಚ್ಚಿ, ಪಕ್ಕದಲ್ಲಿ ಕೂತ ಯಾರಿಗೋ ಹೇಳುವಂತೆ, "ಪರವಾಗಿಲ್ಲ... ನಿಧಾನ... ಉಸಿರು ಎಲ್ಲಿಗೂ ಓಡಿ ಹೋಗೋದಿಲ್ಲ" ಎಂದು ತೆಲುಗಿನಲ್ಲಿ ಓದತೊಡಗಿದಳು. ಧ್ವನಿ ಸ್ವಲ್ಪ ಒಡೆದಿತ್ತು, ನೆಗಡಿಯಾದವರ ಧ್ವನಿಯ ಹಾಗೆ. ಸಾಲಿನ ಕೊನೆ ಎಲ್ಲೋ ನೆಲಕ್ಕಿಳಿದು ಮಲಗಿಬಿಡುತ್ತಿತ್ತು. ರೆಕಾರ್ಡಿಂಗ್ ಮಾಡುತ್ತಿದ್ದ ಬಾಬ್ಜಿ ಕಂಪ್ಯೂಟರಿನಿಂದ ಕೈ ತೆಗೆದು ಕುರ್ಚಿಗೆ ಒರಗಿದ.

ಸಂಜೆ ಬಾಲ್ಕನಿಯಲ್ಲಿ ಕಾಕು ಪ್ರಾರ್ಥನಾಳ ತಲೆ ಸವರುತ್ತ ಹೇಳಿದಳು: "ಬ್ಯಾಸರ ಮಾಡ್ಕೋಬ್ಯಾಡ ತಲ್ಲೀ. ನಿನ್ನ ಧ್ವನಿ ಕೇಳಿದ್ರ ಮಂದಿ ಎದ್ದು ನಿಲ್ತಾರ. ನನಗ ಕೂಡಿಸೋ ಧ್ವನಿ ಬೇಕಾಗಿತ್ತು."

"ಛೇ, ಬ್ಯಾಸರ ಯಾಕ ಕಾಕೂ, ಖುಷೀನ ಆತು," ಎಂದಳು ಪ್ರಾರ್ಥನಾ. ಹೇಳುವಾಗ ಅವಳ ನಾಲಿಗೆಗೆ ಬೇವಿನ ಕಹಿ ಏರಿತ್ತು. ಒಳಗೆ ಬಿಂದು ತಟ್ಟೆಯಲ್ಲಿ ಪೆಸರಟ್ಟು ದೋಸೆ ಹಿಡಿದುಕೊಂಡು, "ಆಂಟೀ, ನಿಜವಾಗಲೂ ನಾನಾ?" ಎಂದು ಕೇಳುತ್ತಿದ್ದಳು. ಅವಳ ಆ ಬೆರಗು ಪ್ರಾರ್ಥನಾಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಬೇಕೆಂದು ಬಯಸಿದವಳಿಗೆ ಸಿಗದೆ, ಸಮುದ್ರ ನೋಡಲು ಬಂದವಳ ಮಡಿಲಿಗೆ ಬಿದ್ದಿತ್ತು.

ಡಿಸೆಂಬರಿನ ಹೊತ್ತಿಗೆ ಆ್ಯಪ್ ಕಾಲೇಜಿನ ತುಂಬ ಹರಡಿತು. ಕ್ಯಾಂಪಸ್ಸಿನೊಳಗೆ ಮೊಬೈಲು ತರುವ ಹಾಗಿರಲಿಲ್ಲ. ಆದರೆ ಸಿಟಿ ಬಸ್ಸಿನಲ್ಲಿ ಮಕ್ಕಳ ಕಿವಿಯಲ್ಲಿ ಬಿಂದು. ವಾರದ ಪರೀಕ್ಷೆಯ ದಿನ ಗೇಟಿನ ಹೊರಗೆ, ಕಬ್ಬಿನ ಹಾಲಿನ ಗಾಡಿಯ ನೆರಳಿನಲ್ಲಿ ಒಂದೇ ಇಯರ್‌ಫೋನನ್ನು ಇಬ್ಬಿಬ್ಬರು ಹಂಚಿಕೊಂಡು ಕಣ್ಣು ಮುಚ್ಚಿದವರ ಕಿವಿಯಲ್ಲೂ ಬಿಂದು. ಹಿಂದಿನ ಬೆಂಚಿನ ತೇಜ ಮೊದಲು ಬೇರೊಂದು ಆ್ಯಪ್ ಹಾಕಿಕೊಂಡಿದ್ದ. ಅದು ಹೊತ್ತುಹೊತ್ತಿಗೆ ಗಂಟೆ ಬಾರಿಸಿ 'ಈಗ ವಿಶ್ರಾಂತಿ ತೆಗೆದುಕೊಳ್ಳಿ' ಎನ್ನುತ್ತಿತ್ತಂತೆ. "ಆ ಗಂಟೆಗೇ ನನ್ನ ಎದೆ ಧಸಕ್ ಅಂತಿತ್ತು. ಕಿತ್ತು ಹಾಕ್ದೆ. ಬಿಂದೂನೇ ಬೆಸ್ಟು," ಎಂದು ಅವನು ಪ್ರಾರ್ಥನಾಳ ಮುಂದೆಯೇ ಹೇಳಿದ.

ಬಿಂದುವಿಗೆ ಇದೆಲ್ಲ ನಾಚಿಕೆ. ಯಾರಾದರೂ ಹೊಗಳಿದರೆ, "ಓದಿದ್ದಷ್ಟೇ ನಾನು. ಪ್ರಾರ್ಥನಾ ಕರ್ಕೊಂಡು ಹೋಗದಿದ್ರೆ ನಾನೆಲ್ಲಿ ಹೋಗ್ತಿದ್ದೆ?" ಎನ್ನುತ್ತಿದ್ದಳು. ಅದು ಪ್ರಾರ್ಥನಾಳಿಗೆ ಇನ್ನೂ ಕಷ್ಟ. ಬಿಂದು ಸೊಕ್ಕಿನವಳಾಗಿದ್ದರೆ ಹಗೆ ಸಾಧಿಸುವುದಾದರೂ ಸಲೀಸಾಗುತ್ತಿತ್ತು.

ಮನೆಗೆ ಬಂದರೆ ಅಲ್ಲೂ ಅವಳೇ. ಪ್ರಾರ್ಥನಾಳ ಅಪ್ಪ ಶ್ರೀಪಾದ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರು. ಅವರಿದ್ದದ್ದು ಕಾಲೊನಿಯ ಕ್ವಾರ್ಟರ್ಸಿನಲ್ಲಿ. ಎಷ್ಟು ಒರೆಸಿದರೂ ಕಿಟಕಿಯ ಮೇಲೆ ಬೂದಿಯ ತೆಳು ಪದರ. ಅಮ್ಮ ಸುಶೀಲಾಗೆ ತೆಲುಗು ತರಕಾರಿ ಕೊಳ್ಳುವಷ್ಟೇ ಬರುತ್ತಿತ್ತು. ಆದರೂ ಮಧ್ಯಾಹ್ನ ತಲೆನೋವು ಬಂದಾಗ ಅವಳು ಮೊಬೈಲನ್ನು ಎದೆಯ ಮೇಲಿಟ್ಟುಕೊಂಡು ಬಿಂದುವಿನ ಪಾಠ ಹಚ್ಚಿ ಮಲಗುತ್ತಿದ್ದಳು.

"ಅರ್ಥ ಆಗೂದಿಲ್ಲ, ಏನಿಲ್ಲ. ಏನು ಕೇಳ್ತೀ ಅಮ್ಮಾ?"

"ಅರ್ಥ ಯಾಕ ಬೇಕು? ಬಿಸಲಾಗಿಂದ ಬಂದು ತಂಪು ಕಲ್ಲಿನ ಮ್ಯಾಲೆ ಅಡ್ಡಾದ್ಹಂಗ ಆಗ್ತದ ನೋಡು. ಎಷ್ಟು ಛಂದ ಅದ ಆ ಹುಡುಗಿ ಧ್ವನಿ!"

ತನ್ನ ಅಮ್ಮ, ತನ್ನ ಕಾಕು, ತನ್ನ ಬೆಂಚು. ಒಂದೊಂದನ್ನೇ ಬಿಂದು ಎತ್ತಿಕೊಂಡು ಹೋಗುತ್ತಿದ್ದಾಳೆ ಎನಿಸಿತು ಪ್ರಾರ್ಥನಾಳಿಗೆ. ಅವಳು ಗುಟ್ಟಾಗಿ ಆ ಪಾಠಗಳನ್ನು ಕೇಳತೊಡಗಿದಳು. ಕೇಳಿದ್ದು ಸಮಾಧಾನಕ್ಕಲ್ಲ, ತಪ್ಪು ಹುಡುಕುವುದಕ್ಕೆ. ಇಲ್ಲಿ ಉಗುಳು ನುಂಗಿದ್ದು ಕೇಳಿಸುತ್ತದೆ. ಇಲ್ಲಿ ಮಹಾಪ್ರಾಣ ಹೋಗಿದೆ. ಇಲ್ಲಿ ಸಾಲು ಮುಗಿಯುವ ಮೊದಲೇ ಉಸಿರು ಬಿಟ್ಟಿದ್ದಾಳೆ. ಹುಡುಕಿದಷ್ಟೂ ತಪ್ಪು ಸಿಕ್ಕವು. ಆದರೆ ಒಂದು ತಪ್ಪಾದರೂ ಆ ಧ್ವನಿಯನ್ನು ಕೆಡಿಸಿರಲಿಲ್ಲ.

ಪ್ರಾರ್ಥನಾಳಿಗೆ ಒಂದು ಗುಟ್ಟಿತ್ತು. ಕೆಲವು ತಿಂಗಳಿಂದ ಪರೀಕ್ಷೆಯ ಬೆಳಿಗ್ಗೆ ಅವಳ ಎದೆಯ ಮೇಲೆ ಯಾರೋ ಒರಳುಕಲ್ಲು ಇಟ್ಟಂತಾಗುತ್ತಿತ್ತು. ಬೆರಳ ತುದಿ ಜುಮುಗುಡುತ್ತಿತ್ತು, ಪ್ರಶ್ನೆಪತ್ರಿಕೆಯ ಸಾಲುಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದು ಕೂತರೆ ಸ್ವಲ್ಪ ಹೊತ್ತಿಗೆ ಇಳಿಯುತ್ತಿತ್ತು. ಮೊದಲ ಬಹುಮಾನದ ಹುಡುಗಿಗೆ ಹೀಗಾಗುತ್ತದೆ ಎಂದು ಯಾರಿಗೆ ಹೇಳುವುದು? ಬೇರೆ ಆ್ಯಪುಗಳನ್ನು ಹಾಕಿ ನೋಡಿದಳು. ಒಂದರಲ್ಲಿ ಅಮೆರಿಕದ ಗಂಡಸೊಬ್ಬ ಹಿಮ ತುಂಬಿದ ಬೆಟ್ಟವನ್ನು ನೆನೆಸಿಕೊಳ್ಳಿ ಎನ್ನುತ್ತಿದ್ದ. ಅವಳು ಹಿಮ ನೋಡಿರಲಿಲ್ಲ. ಇನ್ನೊಂದು ದಿನವೂ ಈವತ್ತು ಹೇಗಿದ್ದೀರಿ ಎಂದು ಕೇಳಿ ಐದು ಮುಖಗಳನ್ನು ತೋರಿಸುತ್ತಿತ್ತು. ಅವಳು ಪ್ರತಿದಿನ ನಗುವ ಮುಖವನ್ನೇ ಒತ್ತಿದಳು. ಆ್ಯಪ್ ಅವಳನ್ನು ಅಭಿನಂದಿಸಿತು.

ಬಿಂದುವಿನ ಪಾಠವನ್ನು ಮಾತ್ರ ನಿಜವಾಗಿ ಕೇಳಲಿಲ್ಲ. ಅವಳಿಂದ ಕಲಿತು ಉಸಿರಾಡುವುದಕ್ಕಿಂತ ಬೆಂಚಿನ ಅಂಚೇ ವಾಸಿ ಎನಿಸಿತ್ತು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಕಾಕುವಿನ ಫೋನು ಬಂತು. ರಾಜ್ಯದ ಬೇರೆ ಬೇರೆ ಊರುಗಳ ಮಕ್ಕಳು ಈಗ ನಿಲಕಡ ಕೇಳುತ್ತಿದ್ದಾರೆ, ಬಿಂದುವನ್ನು ಇನ್ನೊಮ್ಮೆ ವಿಶಾಖಪಟ್ಟಣಕ್ಕೆ ಕರೆಸಬೇಕು, ಹೊಸ ಪಾಠಗಳಿವೆ ಎಂದಳು. ಅಮ್ಮ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತಿದ್ದಳು. "ಹೌದವಾ, ಆ ಹುಡುಗಿ ಬಂಗಾರ. ನಮ್ಮ ಪ್ರಾರ್ಥನಾ ಕೂಡ ಹೋಗಲಿ, ಅಕೀಗೆ ಜೊತಿ ಆಗ್ತದ," ಎಂದಳು ಅಮ್ಮ.

ಜೊತೆ. ಕಳೆದ ಸಲ ಜೊತೆಗೆ ಬಂದವಳಿಗೆ ಈ ಸಲ ತಾನು ಜೊತೆ ಹೋಗಬೇಕು.

ಪ್ರಾರ್ಥನಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ್ಯಪಿನಲ್ಲಿ ಮಕ್ಕಳು ಹೆಸರು ಹಾಕದೆ ಬರೆಯಬಹುದಾದ ಒಂದು ಪುಟವಿತ್ತು. ಅಲ್ಲಿ ತೆಲುಗಿನಲ್ಲಿ ಬರೆದಳು: 'ಇದನ್ನು ನಂಬಬೇಡಿ. ನಿಮಗೆ ಉಸಿರಾಡುವುದನ್ನು ಹೇಳಿಕೊಡುವ ಈ ಹುಡುಗಿಯೇ ಕಾಲೇಜಿನ ಮೆಟ್ಟಿಲ ಮೇಲೆ ಉಸಿರು ಕಟ್ಟಿ ಕುಸಿದುಬಿದ್ದಿದ್ದಳು. ಅವಳಿಗೇ ಆಗದ್ದು ನಿಮಗೆ ಹೇಗಾಗುತ್ತದೆ?'

ಒತ್ತಿದ ಮೇಲೆ ಮೈ ಹಗುರಾಯಿತು. ಊಟಕ್ಕೆ ಕೂತು ಎರಡನೇ ಸಲ ಅನ್ನ ಹಾಕಿಸಿಕೊಂಡಳು. "ಈವತ್ತು ಬಾಯಿ ರುಚಿ ಬಂದದ ನೋಡು," ಎಂದು ಅಪ್ಪ ನಕ್ಕ. ಮಜ್ಜಿಗೆಯ ಲೋಟ ತುಟಿಗೆ ಹಚ್ಚಿದಾಗ ಅವಳಿಗೆ ಥಟ್ಟನೆ ಹೊಳೆಯಿತು. ಆ ಮೆಟ್ಟಿಲ ಮೇಲೆ ಇದ್ದವರು ಇಬ್ಬರೇ.

ಅದು ಆಗಸ್ಟಿನ ಮಾತು. ಕೆಮಿಸ್ಟ್ರಿ ಲ್ಯಾಬಿನ ಹಿಂದಿನ ಮೆಟ್ಟಿಲು. ಬಿಂದು ಇಳಿಯುತ್ತ ಇಳಿಯುತ್ತ ಗೋಡೆ ಹಿಡಿದು ಕುಸಿದಿದ್ದಳು. ಮುಖ ಬಿಳುಚಿ, ಬಾಯಿ ತೆರೆದರೂ ಗಾಳಿ ಒಳಗೆ ಹೋಗದೆ, ಪ್ರಾರ್ಥನಾಳ ಮಣಿಕಟ್ಟಿನಲ್ಲಿ ಉಗುರಿಳಿಯುವಂತೆ ಹಿಡಿದಿದ್ದಳು. ಪ್ರಾರ್ಥನಾ ಅವಳನ್ನು ಎದೆಗೊರಗಿಸಿಕೊಂಡು, ಬಾಟಲಿಯ ನೀರನ್ನು ಮುಖಕ್ಕೆ ಹಚ್ಚಿ, ಬೆನ್ನು ನೀವುತ್ತ ಕೂತಿದ್ದಳು. "ಯಾರಿಗೂ ಹೇಳ್ಬೇಡವೇ. ಅಪ್ಪನಿಗೆ ಗೊತ್ತಾದ್ರೆ ಓದೋದೇ ಬಿಡಿಸಿಬಿಡ್ತಾರೆ," ಎಂದಿದ್ದಳು ಬಿಂದು, ಮಾತು ಬಂದ ಮೇಲೆ. "ನನ್ನ ಮೇಲಾಣೆ," ಎಂದಿದ್ದಳು ಪ್ರಾರ್ಥನಾ. ಆ ದಿನ ಅವಳಿಗೆ ಬಿಂದುವಿನ ಮೇಲೆ ಎಷ್ಟು ಪ್ರೀತಿ ಉಕ್ಕಿತ್ತೆಂದರೆ, ಆ ಗುಟ್ಟು ತನ್ನೊಬ್ಬಳ ಹತ್ತಿರವಿದೆ ಎಂಬುದೇ ಒಂದು ಬಹುಮಾನದಂತಿತ್ತು.

ಓಡಿ ಹೋಗಿ ಮೊಬೈಲು ತೆಗೆದಳು. ಅಳಿಸಲು ನೋಡಿದಳು. ಹೆಸರಿಲ್ಲದೆ ಬರೆದದ್ದನ್ನು ಅಳಿಸುವ ದಾರಿಯೇ ಆ ಪುಟದಲ್ಲಿರಲಿಲ್ಲ. ಅಷ್ಟರಲ್ಲಿ ಕೆಳಗೆ ಉತ್ತರಗಳು ಬರತೊಡಗಿದ್ದವು. ಬೈಗುಳ ಇರಬಹುದು, ನಗೆ ಇರಬಹುದು ಎಂದುಕೊಂಡು ಓದಿದಳು.

'ಹೌದಾ? ಹಾಗಾದರೆ ಇವಳು ನಮ್ಮವಳೇ.'

'ನಾನು ಯಾವಳೋ ಎಸಿ ರೂಮಿನಲ್ಲಿ ಸುಖವಾಗಿ ಕೂತು ಹೇಳುತ್ತಿದ್ದಾಳೆ ಅಂದುಕೊಂಡು ಕಿತ್ತುಹಾಕಿದ್ದೆ. ಇವತ್ತು ಮತ್ತೆ ಹಾಕಿಕೊಂಡೆ.'

'ನನಗೆ ಪ್ರತಿ ಪರೀಕ್ಷೆಯ ಮೊದಲು ವಾಂತಿ. ಮನೆಯಲ್ಲಿ ನಾಟಕ ಅಂತಾರೆ. ಅಕ್ಕಾ, ನಿನಗೂ ಹೀಗಾಗುತ್ತಾ?'

'ಗೊತ್ತಿದ್ದವಳು ಹೇಳಿದರೇನೇ ನಂಬಿಕೆ.'

ಸಂಜೆಯವರೆಗೂ ಬರುತ್ತಲೇ ಇದ್ದವು. ಬಿಂದುವನ್ನು ನೆಲಕ್ಕೆ ಕೆಡವಲು ಎಸೆದ ಕಲ್ಲನ್ನೇ ಮೆಟ್ಟಿಲು ಮಾಡಿಕೊಟ್ಟು, ಕಾಣದ ಊರುಗಳ ಮಕ್ಕಳೆಲ್ಲ ಅವಳನ್ನು ಮೇಲೆ ಹತ್ತಿಸುತ್ತಿದ್ದರು. ಪ್ರಾರ್ಥನಾ ಮಾಡಿದ್ದಕ್ಕೆ ನಾಚಬೇಕೋ, ಆದದ್ದಕ್ಕೆ ಉರಿಯಬೇಕೋ ತಿಳಿಯದೆ ಮೊಬೈಲನ್ನು ಹಾಸಿಗೆಯ ಕೆಳಗೆ ತುರುಕಿದಳು.

ಬಿಂದು ಒಂದು ವಾರ ಕಾಲೇಜಿಗೆ ಬರಲಿಲ್ಲ. ಸುದ್ದಿ ಮಾತ್ರ ಬಂತು. ಆ ಧ್ವನಿ ಯಾರದೆಂದು ಕಾಲೇಜಿಗೆಲ್ಲ ಗೊತ್ತೇ ಇತ್ತು; ಮಾತು ಅವಳ ಮನೆಗೂ ಮುಟ್ಟಿತ್ತು. ಮರಳಿ ಬಂದ ದಿನ ಅವಳು ಬೆಂಚಿನ ಹತ್ತಿರ ಬಂದು, ಡೆಸ್ಕಿನಲ್ಲಿದ್ದ ತನ್ನ ಪುಸ್ತಕಗಳನ್ನು ಎತ್ತಿಕೊಂಡು, ಒಂದು ಮಾತೂ ಆಡದೆ ಕಿಟಕಿಯ ಪಕ್ಕದ ಸಾಲಿಗೆ ಹೋದಳು. ಪ್ರಾರ್ಥನಾಳ ಕಡೆ ನೋಡಲೂ ಇಲ್ಲ.

ಅವಳ ಸುತ್ತ ಈಗ ಒಂದು ಹೊಸ ಮರ್ಯಾದೆ. ಗಲಾಟೆ ಮಾಡುವ ಹುಡುಗರು ಅವಳು ಹಾದುಹೋಗುವಾಗ ದನಿ ತಗ್ಗಿಸುತ್ತಿದ್ದರು. ಯಾರಿಗೂ ಕ್ಲಾಸಿನಿಂದ ಹೊರಗೆ ಹೋಗಲು ಬಿಡದ ಗಣಿತದ ಚಂದ್ರಮೌಳಿ ಸರ್, "ಅಮ್ಮಾ, ನಿನಗೆ ಬೇಕೆನಿಸಿದಾಗ ಎದ್ದು ಹೋಗು, ಕೇಳಬೇಕಾಗಿಲ್ಲ," ಎಂದರು. ಬಿಂದು ಒಮ್ಮೆ ಹಾಗೆ ಎದ್ದು ಹೋದಾಗ ಪ್ರಾರ್ಥನಾಳ ಎದೆಯ ಮೇಲೂ ಒರಳುಕಲ್ಲಿತ್ತು. ಅವಳು ಅಂಚು ಹಿಡಿದು ಕೂತೇ ಇದ್ದಳು. ಅದೇ ರೋಗ. ಅವಳಿಗೆ ಬಾಗಿಲು ತೆರೆದಿದೆ, ನನಗಿಲ್ಲ. ಕಾಯಿಲೆಯಲ್ಲೂ ಮೊದಲ ಬಹುಮಾನ ಅವಳಿಗೇ ಹೋಯಿತಲ್ಲ ಎಂದು ಅನಿಸಿದ್ದು ಆಗಲೇ. ಹಾಗೆ ಅನಿಸಿದ್ದಕ್ಕೆ ತನಗೇ ಹೇಸಿಗೆಯಾಯಿತು. ಆದರೆ ಉರಿ ಹೋಗಲಿಲ್ಲ.

ಅಮ್ಮನಿಗೆ ಇದಾವುದೂ ತಿಳಿಯದು. ಬಿಂದುವಿಗೆ ಮೈಯಲ್ಲಿ ಹುಷಾರಿಲ್ಲವಂತೆ ಎಂದಷ್ಟೇ ಕಾಕುವಿನಿಂದ ಕೇಳಿ, ಗದಗಿನಿಂದ ಬಂದಿದ್ದ ಕರದಂಟಿನ ಡಬ್ಬಿ ಹಿಡಿದು, ಬೇಡವೆಂದರೂ ಪ್ರಾರ್ಥನಾಳನ್ನು ಎಳೆದುಕೊಂಡು ಪಟಮಟಕ್ಕೆ ಹೊರಟಳು. ಬೆಂಜ್ ಸರ್ಕಲ್ಲಿನಲ್ಲಿ ಹೊಸ ಸೇತುವೆಯ ಕೆಲಸಕ್ಕೆ ದಾರಿ ಅಗೆದಿದ್ದರು. ಬಸ್ಸು ಅಲ್ಲೇ ನಿಂತುಬಿಟ್ಟಿತು. ಈ ಬಸ್ಸು ಹೀಗೇ ನಿಂತಿರಲಿ ಎಂದು ಪ್ರಾರ್ಥನಾ ಬೇಡಿಕೊಂಡಳು. ಅದು ಹೊರಟಿತು.

ಬಿಂದುವಿನ ತಾಯಿ ಸೀತಾಮಹಾಲಕ್ಷ್ಮಿ ಇಬ್ಬರನ್ನೂ ಕೈಹಿಡಿದು ಒಳಗೆ ಕರೆದರು. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರಿಗೆ ತೆಲುಗು ಅರೆಬರೆ. ಆದರೂ ಅಮ್ಮಂದಿರಿಬ್ಬರೂ ಹೊತ್ತು ಹೋದದ್ದು ತಿಳಿಯದಂತೆ ಮಾತಿಗಿಳಿದರು. "ಮೇಲೆ ಇದ್ದಾಳೆ, ಹೋಗಮ್ಮಾ," ಎಂದರು ಸೀತಾಮಹಾಲಕ್ಷ್ಮಿ.

ತಾರಸಿಯ ಮೇಲೆ ಬಿಂದು ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ತಿರುಗಿ ನೋಡಿ, ಮತ್ತೆ ಕ್ಲಿಪ್ಪು ಬಿಚ್ಚತೊಡಗಿದಳು.

"ಹೇಗಿದ್ದೀ?" ಎಂದಳು ಪ್ರಾರ್ಥನಾ ತೆಲುಗಿನಲ್ಲಿ.

"ಮೆಟ್ಟಿಲ ಮೇಲೆ ನೀನೊಬ್ಬಳೇ ಇದ್ದೆ."

"ನಾನಲ್ಲ ಬಿಂದೂ, ಯಾರೋ ನೋಡಿರ್ಬೇಕು, ಲ್ಯಾಬಿನವರು..."

"ನಾನು ಕೇಳ್ತಾ ಇಲ್ಲವೇ. ಹೇಳ್ತಾ ಇದೀನಿ."

ಭಾಷಣ ಸ್ಪರ್ಧೆಯಲ್ಲಿ ಎಂದೂ ಕೈಕೊಡದ ಪ್ರಾರ್ಥನಾಳ ನಾಲಿಗೆ ಈಗ ಅಂಗುಳಿಗೆ ಅಂಟಿತ್ತು.

"ಯಾಕೆ?" ಎಂದಳು ಬಿಂದು. ಹೊದಿಕೆಯೊಂದನ್ನು ಮಡಚಿ ಭುಜದ ಮೇಲೆ ಹಾಕಿಕೊಂಡಳು. "ಅದನ್ನ ಮಾತ್ರ ಹೇಳು."

"ಆ ಧ್ವನಿ ನಂದಾಗ್ಬೇಕಿತ್ತು." ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಎನಿಸಿತು. ಆದರೂ ತಡೆಯಲಾಗಲಿಲ್ಲ. "ನಾನು ವಾರಗಟ್ಟಲೆ ಓದ್ಕೊಂಡು ಬಂದಿದ್ದೆ. ನೀನು ಸಮುದ್ರ ನೋಡೋಕೆ ಬಂದೆ. ನಮ್ಮ ಕಾಕು ನಿನ್ನ ಹೆಸರೇ ಹೇಳ್ತಾಳೆ. ನಮ್ಮಮ್ಮ ನಿನ್ನ ಕೇಳ್ತಾ ಮಲಗ್ತಾಳೆ. ನಮ್ಮಮ್ಮ, ಬಿಂದೂ!"

ಬಿಂದು ಇನ್ನೊಂದು ಕ್ಲಿಪ್ಪು ಬಿಚ್ಚಿದಳು. "ಬೇಕಾದ್ರೆ ನೀನೇ ಇಟ್ಕೋ. ಅದನ್ನ ನನ್ನ ಕೈಲಿ ಕೇಳೋಕೇ ಆಗಲ್ಲ. ಊರಿಗೆಲ್ಲ ಸಮಾಧಾನ ಹೇಳೋ ಆ ಧ್ವನಿ ನನಗೆ ಮಾತ್ರ ಹೇಳಲ್ಲ. ನನಗೆ ಉಸಿರು ಕಟ್ಟಿದಾಗ ಅದನ್ನ ಹಾಕಿದ್ರೆ ಯಾರೋ ಸುಳ್ಳು ಹೇಳ್ತಿದಾಳೆ ಅನ್ಸುತ್ತೆ."

ಕೆಳಗೆ ಅಮ್ಮನ ನಗು ಕೇಳಿಸಿತು.

"ಅಪ್ಪ ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋದ್ರು," ಎಂದಳು ಬಿಂದು. "ಓದು ಬಿಡಿಸ್ತಾರೆ ಅಂದ್ಕೊಂಡಿದ್ದೆ. ಅತ್ತುಬಿಟ್ರು. ಮಾತ್ರೆ ಕೊಟ್ಟಿದಾರೆ, ವಾರಕ್ಕೊಮ್ಮೆ ಹೋಗಿ ಮಾತಾಡ್ಬೇಕು. ಈಗ ನಿದ್ದೆ ಬರುತ್ತೆ. ಆದ್ರೆ ನೀನು ಬರೆದದ್ದು ಅದಕ್ಕಲ್ಲ. ಥ್ಯಾಂಕ್ಸ್ ಹೇಳ್ತೀನಿ ಅಂದ್ಕೋಬೇಡ. ನಿನಗೆ ಅಂತ ಹೇಳಿದ್ದು ನಿನ್ನ ಹತ್ರಾನೇ ಇರ್ಬೇಕಿತ್ತು."

"ಕ್ಷಮಿಸೇ."

"ಈಗ ಕ್ಷಮಿಸೋ ಮನಸ್ಸು ಬರ್ತಿಲ್ಲ. ಬಂದಾಗ ಹೇಳ್ತೀನಿ." ಬಟ್ಟೆಯ ಬುಟ್ಟಿ ಎತ್ತಿಕೊಂಡು ಮೆಟ್ಟಿಲ ಕಡೆ ಹೊರಟವಳು ನಿಂತಳು. "ನೀನೂ ಬೆಂಚು ಹಿಡ್ಕೊಂಡು ಕೂತಿರ್ತೀಯಲ್ಲ, ಪರೀಕ್ಷೆ ದಿನ. ಕಿಟಕಿ ಸಾಲಿನಿಂದ ಕಾಣುತ್ತೆ. ಮನೇಲಿ ಹೇಳು."

ಪ್ರಾರ್ಥನಾ ತಾರಸಿಯ ಮೇಲೆ ಒಬ್ಬಳೇ ನಿಂತಳು. ತಿರುಗಿ ಬೈದಿದ್ದರೆ, ಕೂಗಾಡಿದ್ದರೆ ಲೆಕ್ಕ ಸಮವಾಗುತ್ತಿತ್ತು. ಇಷ್ಟು ದಿನ ತನ್ನ ಕಡೆ ನೋಡುತ್ತಿಲ್ಲ ಎಂದುಕೊಂಡಿದ್ದವಳು ನೋಡುತ್ತಲೇ ಇದ್ದಳು! ಅಷ್ಟು ದೊಡ್ಡ ಮನಸ್ಸು ಕೂಡ ಅವಳಿಗೇ ಯಾಕಿರಬೇಕು ಎಂದು ಹೊಟ್ಟೆಯಲ್ಲಿ ಮತ್ತೆ ಕಿಚ್ಚೆದ್ದಿತು.

ಮನೆಯಲ್ಲಿ ಹೇಳಲಿಲ್ಲ. ಇಂಟರ್ ಪರೀಕ್ಷೆಗಳನ್ನು ಬೆಂಚು ಹಿಡಿದುಕೊಂಡೇ ಮುಗಿಸಿದಳು. ಬಿಂದು ವಿಶಾಖಪಟ್ಟಣಕ್ಕೆ ಮತ್ತೆ ಹೋಗಲಿಲ್ಲ. ಪರೀಕ್ಷೆ ಮುಗಿಯಲಿ ಎಂದು ಕಾಕುವೇ ಹೊಸ ಪಾಠಗಳನ್ನು ಮುಂದಕ್ಕೆ ಹಾಕಿದಳು.

ಏಪ್ರಿಲಿನಲ್ಲಿ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಪ್ರಾರ್ಥನಾಳ ಕೇಂದ್ರ ವಿಶಾಖಪಟ್ಟಣದಲ್ಲಿ ಬಂತು. ಅಮ್ಮನ ಜೊತೆ ಕಾಕುವಿನ ಮನೆಯಲ್ಲಿ ಉಳಿದಳು. ಬೆಳಿಗ್ಗೆ ಕಾಕುವೇ ಕಾರಿನಲ್ಲಿ ಕರೆದೊಯ್ದಳು. ಸಮುದ್ರದ ಕಡೆಯಿಂದ ಜಿಗುಟು ಗಾಳಿ ಬೀಸುತ್ತಿತ್ತು. ಕೇಂದ್ರದ ಗೇಟಿನ ಮುಂದೆ ನೂರಾರು ಮಕ್ಕಳು, ಅವರ ಅಪ್ಪ ಅಮ್ಮಂದಿರು. ಕಾಕು ಕಾರು ನಿಲ್ಲಿಸಲು ಜಾಗ ಹುಡುಕಿ ಹೋದಳು. ಪ್ರಾರ್ಥನಾ ಗೇಟನ್ನು ನೋಡಿದಳು. ಒರಳುಕಲ್ಲು ಬಂದು ಕೂತಿತು. ಹಿಡಿಯಲು ಬೆಂಚಿರಲಿಲ್ಲ. ಕಾಲ ಕೆಳಗಿನ ನೆಲ ಜಾರಿತು. ಅವಳು ಕಾಂಪೌಂಡಿನ ಗೋಡೆಗೆ ಬೆನ್ನು ಹಚ್ಚಿ ಕುಸಿದಳು. ಬಾಯಿ ತೆರೆದಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ.

"ಪ್ರಾರ್ಥನಾ! ಏನಾತ? ಏ ಕೂಸ, ಏನಾತ?" ಅಮ್ಮ ಸೆರಗಿನಿಂದ ಗಾಳಿ ಹಾಕಿದಳು, ನೀರು ಕುಡಿಸಲು ನೋಡಿದಳು, ನೀರು ಗದ್ದದ ಮೇಲೆ ಹರಿಯಿತು. ಮತ್ತೇನೂ ತೋಚದೆ ಬ್ಯಾಗಿನಿಂದ ತನ್ನ ಮೊಬೈಲು ತೆಗೆದು, ಇಯರ್‌ಫೋನನ್ನು ಮಗಳ ಕಿವಿಗಿಟ್ಟಳು.

'ಪರವಾಗಿಲ್ಲ... ನಿಧಾನ...'

ಪ್ರಾರ್ಥನಾ ಅದನ್ನು ಕಿತ್ತೆಸೆದಳು. ಅಮ್ಮ ಮತ್ತೆ ಇಟ್ಟಳು. ಕೀಳಲು ಈ ಸಲ ಕೈಯಲ್ಲಿ ಬಲವಿರಲಿಲ್ಲ.

'ಉಸಿರು ಎಲ್ಲಿಗೂ ಓಡಿ ಹೋಗೋದಿಲ್ಲ. ನೀನು ಅದನ್ನು ಹಿಡಿಯಬೇಡ. ಹೊರಗೆ ಬಿಡು. ಮೊದಲು ಹೊರಗೆ...'

ಕಣ್ಣು ಮುಚ್ಚಿದಳು. ಆ ಒಡೆದ ಧ್ವನಿ, ಆ ಹೋದ ಮಹಾಪ್ರಾಣ, ಸಾಲು ಮುಗಿಯುವ ಮೊದಲೇ ಬಿಟ್ಟ ಆ ಉಸಿರು. ಕೇಳುತ್ತ ಕೇಳುತ್ತ ಬಿಂದುವನ್ನು ದ್ವೇಷಿಸಿದಳು. ತನಗೆ ಇಷ್ಟೊಂದು ಬೇಕಾಗಿರುವುದು ಅವಳ ಹತ್ತಿರವೇ ಇದೆಯಲ್ಲ ಎಂದು ದ್ವೇಷಿಸಿದಳು. ಆದರೆ ದ್ವೇಷಿಸುತ್ತಲೇ ಅವಳು ಹೇಳಿದಂತೆ ಬಿಟ್ಟಳು, ಒಂದು ಸಲ, ಇನ್ನೊಂದು ಸಲ. ಎದೆಯ ಮೂಲೆಯಲ್ಲೆಲ್ಲೋ ಒಂದು ಕಿಂಡಿ ತೆರೆದು ಗಾಳಿ ಒಳಗೆ ಬಂತು. ಜನರ ಗದ್ದಲ ಮೆಲ್ಲಗೆ ಮತ್ತೆ ಕೇಳಿಸತೊಡಗಿತು. ಅಮ್ಮನ ಮುಖ ಕಾಣಿಸಿತು.

"ಅಮ್ಮಾ," ಎಂದಳು, "ಇದು ಇವತ್ತಿಂದಲ್ಲ. ವರ್ಷ ಆತು."

"ಮತ್ತ ಹೇಳಬಾರ್ದಾಗಿತ್ತೇನವಾ?"

"ಫಸ್ಟ್ ಪ್ರೈಜ್ ಬರೋ ಹುಡುಗಿ ಹೆಂಗ ಹೇಳ್ಬೇಕು?"

ಸುಶೀಲಾ ಮಗಳ ಹಣೆಗಂಟಿದ ಕೂದಲನ್ನು ಹಿಂದೆ ಸರಿಸಿದಳು. ಅಷ್ಟರಲ್ಲಿ ಕಾಕು ಓಡಿ ಬಂದಳು. ಅವಳ ಮುಂದೆ ಪ್ರಾರ್ಥನಾ ಮಿಕ್ಕದ್ದನ್ನೂ ಹೇಳಿದಳು, ಆ ಭಾನುವಾರ ಬರೆದದ್ದನ್ನು. ಕಾಕುವಿನ ಮುಖ ಗಟ್ಟಿಯಾಯಿತು. "ಇದನ್ನ ಆಮ್ಯಾಲೆ ಮಾತಾಡೋಣ. ಸುಮ್ಮನ ಬಿಡೂದಿಲ್ಲ ನಾನು," ಎಂದಳು. "ಈಗ ಒಳಗ ಹೋಗ್ತೀಯೋ, ಮನೀಗೆ ಹೋಗೋಣೋ? ಎರಡೂ ಸರಿನ."

ಅವಳು ಒಳಗೆ ಹೋದಳು. ಬರೆದದ್ದು ಅಷ್ಟಕ್ಕಷ್ಟೇ. ಬಂದ ರ್‍ಯಾಂಕು ಹೆಮ್ಮೆ ಪಡುವಂಥದ್ದೂ ಅಲ್ಲ, ಅಳುವಂಥದ್ದೂ ಅಲ್ಲ. ಮಧುರವಾಡದ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಬಿಂದುವಿಗೆ ವಿಜಯವಾಡದಲ್ಲೇ ಇನ್ನೂ ಒಳ್ಳೆಯದು ಸಿಕ್ಕಿತು. ಸುದ್ದಿ ಕೇಳಿ ಪ್ರಾರ್ಥನಾ ಒಂದು ಹೊತ್ತು ಊಟ ಬಿಟ್ಟಳು.

ಆದರೆ ಅದಕ್ಕೂ ಮೊದಲು, ಮೇ ತಿಂಗಳಲ್ಲಿ, ಡಾಕ್ಟರ ಮಾತು ಬಂತು.

"ಬಿಂದೂಗ ನೋಡ್ತಾರಲ್ಲ, ಅವರ ಹತ್ರಾನ ಹೋಗೋಣು," ಎಂದಳು ಅಮ್ಮ.

"ಅವರು ಬ್ಯಾಡ. ಬ್ಯಾರೆಯವರನ್ನ ನೋಡು."

"ಬ್ಯಾರೆಯವರು ಯಾಕ? ಅಕೀಗೆ ಛಲೋ ಆಗೇದ."

"ಅದಕ್ಕ ಬ್ಯಾಡ."

ಅಪ್ಪ ಒಂದೆರಡು ಕಡೆ ವಿಚಾರಿಸಿದ. ಕೊನೆಗೆ ಕಾಕು ಫೋನಿನಲ್ಲಿ ಗದರಿದ ಮೇಲೆ ಅಲ್ಲಿಗೇ ಹೋಗುವುದಾಯಿತು. ವಿಜಯವಾಡದಲ್ಲಿ ಬಿಸಿಲು ನೆಲವನ್ನೇ ಹುರಿಯುತ್ತಿತ್ತು. ಕ್ಲಿನಿಕ್ಕಿನ ಹೊರಕೋಣೆಯ ಏರ್‌ಕೂಲರಿನ ಮುಂದೆ ಸಾಲಾಗಿ ಕುರ್ಚಿಗಳು, ಎಲ್ಲದರಲ್ಲೂ ಜನ. ಅಮ್ಮ ಟೋಕನ್ ತೆಗೆದುಕೊಳ್ಳಲು ಹೋದಳು. ಪ್ರಾರ್ಥನಾ ಬಾಗಿಲಲ್ಲೇ ನಿಂತಳು. ಮೂಲೆಯ ಕುರ್ಚಿಯಲ್ಲಿ ಬಿಂದು ಕೂತಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು. ಪಕ್ಕದ ಕುರ್ಚಿಯಲ್ಲಿ ಅವಳ ಚೀಲ.

ಬಿಂದು ತಲೆಯೆತ್ತಿ ನೋಡಿದಳು. ನಗಲಿಲ್ಲ. ಒಂದು ಗಳಿಗೆ ನೋಡಿ, ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಪ್ರಾರ್ಥನಾ ಹೋಗಿ ಕೂತಳು. ಅಮ್ಮ ಬಂದು ಟೋಕನ್ ಚೀಟಿ ಕೊಟ್ಟಳು. ಪ್ರಾರ್ಥನಾ ಅದನ್ನು ನೋಡಿದಳು, ಓರೆಗಣ್ಣಿನಲ್ಲಿ ಬಿಂದುವಿನ ಕೈಯಲ್ಲಿದ್ದುದನ್ನೂ ನೋಡಿದಳು. ಬಿಂದುವಿನದು ಮುಂದಿತ್ತು. ಅದೂ ಚುಚ್ಚಿತು, ಸ್ವಲ್ಪ.